ಮನ್ನಾ ಆದ ಸಾಲಕ್ಕೆ ಕಂತು ಕಟ್ಟುವವರು

ಮತ್ತಾಯನ ಸುವಾರ್ತೆ 18ನೇ ಅಧ್ಯಾಯ. ಅರಸನಿಗೆ ಸಾಲಗಾರನಾಗಿದ್ದ ಸೇವಕನ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ. ಸೇವಕನ ದೊಡ್ಡ ಸಾಲವನ್ನು ಅರಸ ಮನ್ನಾ ಮಾಡಿದ. ಸೇವಕ ಹೊರಗೆ ಬಂದು, ತನಗೆ ಸಾಲ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದು ಸೆರೆಗೆ ಹಾಕಿಸಿದ. ಅದನ್ನು ಕೇಳಿ ಅರಸ ಅವನನ್ನು ಶಿಕ್ಷಿಸಿದ. ಸಭೆಗೆ ಹೋಗುವವರು ಇದನ್ನು ಎಷ್ಟು ಸಲ ಕೇಳಿದ್ದೀರೋ! "ನೀವು ಕ್ಷಮಿಸಿ, ಇಲ್ಲದಿದ್ದರೆ ನಿಮಗೂ ಕ್ಷಮೆಯಿಲ್ಲ" ಎಂಬ ಒಂದೇ ಸಾಲಿಗೆ ಇಳಿಸಿ ಮನೆಗೆ ಕಳಿಸಿಬಿಡುತ್ತಾರೆ. ನನ್ನ ತಕರಾರು ಇಷ್ಟೇ: ಆ ಸೇವಕ ಎಡವಿದ್ದು ಜೊತೆಗಾರನ ಕುತ್ತಿಗೆ ಹಿಡಿದಾಗ ಅಲ್ಲ. ಅದಕ್ಕೂ ಮುಂಚೆ, ಅರಸನ ಕಾಲಿಗೆ ಬಿದ್ದಾಗಲೇ.

ಮೊದಲು ಲೆಕ್ಕ ನೋಡಿ. ಅವನ ಸಾಲ 10,000 ತಲಾಂತು. ತಲಾಂತು ಅಂದರೆ ಆ ಕಾಲದ ಹಣದ ದೊಡ್ಡ ಅಳತೆ. ಒಂದು ದಿನಾರಿ ಅಂದರೆ ಕೂಲಿಯವನ ಒಂದು ದಿನದ ಸಂಬಳ. 20ನೇ ಅಧ್ಯಾಯದ ದ್ರಾಕ್ಷೇತೋಟದಲ್ಲೂ ಅದೇ ದರ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಅಲ್ಲಿಗೆ 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದು, ಒಂದು ಕಾಸೂ ತಿನ್ನದೆ ಕಟ್ಟಿದರೂ 2 ಲಕ್ಷ ವರ್ಷ ಬೇಕು. ಇತಿಹಾಸಕಾರ ಜೋಸೆಫಸ್ ಪ್ರಕಾರ ಹೆರೋದ ಅಂತಿಪನಿಗೆ ಅವನು ಆಳುತ್ತಿದ್ದ ಗಲಿಲಾಯ, ಪೆರಿಯಾ ಎರಡೂ ಸೇರಿ ವರ್ಷಕ್ಕೆ ಬರುತ್ತಿದ್ದದ್ದು 200 ತಲಾಂತು. ಯೇಸುವಿನ ಮುಂದೆ ಕುಳಿತವರ ಪಾಲಿಗೆ ಇದು ತಮ್ಮ ಇಡೀ ಸೀಮೆಯ 50 ವರ್ಷದ ಕಂದಾಯ.

ಇಷ್ಟು ಹೊತ್ತುಕೊಂಡವನು ಅರಸನಲ್ಲಿ ಕೇಳಿಕೊಂಡದ್ದೇನು? "ಸ್ವಲ್ಪ ತಾಳಿಕೊಳ್ಳಿ, ಎಲ್ಲವನ್ನೂ ತೀರಿಸುತ್ತೇನೆ." ಅವನು ಬೇಡಿದ್ದು ಗಡುವು. ಅರಸ ಕೊಟ್ಟದ್ದು ಮನ್ನಾ. ಇವೆರಡರ ವ್ಯತ್ಯಾಸ ಅವನ ತಲೆಗೆ ಇಳಿಯಲೇ ಇಲ್ಲ ಅನ್ನಿಸುತ್ತದೆ. ಗಡುವು ಸಿಕ್ಕಿದೆ ಎಂದುಕೊಂಡವನು ಹೊರಗೆ ಬಂದು ಏನು ಮಾಡುತ್ತಾನೆ? ಬರಬೇಕಾದ ಬಾಕಿಯನ್ನೆಲ್ಲ ವಸೂಲಿಗೆ ಇಳಿಯುತ್ತಾನೆ. ಅವನ ಲೆಕ್ಕದಲ್ಲಿ ಅದು ಜವಾಬ್ದಾರಿಯೇ!

ನಾವೂ ಹೀಗೆಯೇ ಬದುಕುತ್ತಿರುತ್ತೇವೆ. ಮನೆಯಲ್ಲಿ ಕೂಗಾಡಿದ ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಲು ನಾಚಿಕೆ. ಎರಡು ದಿನ ಒಳ್ಳೆಯವರಾಗಿದ್ದು, ಆಮೇಲೆ ದೇವರ ಮುಂದೆ ಹೋಗೋಣ ಅಂತ. ಅದು ಭಕ್ತಿಯಲ್ಲ, ಕಂತು. ಇಬ್ರಿಯರಿಗೆ ಬರೆದ ಪತ್ರ 4:16 ದೇವರ ಕೃಪಾಸನದ ಮುಂದೆ ಧೈರ್ಯವಾಗಿ ಬನ್ನಿ ಎನ್ನುವುದು ಸಹಾಯ ಬೇಕಾದ ಸಮಯಕ್ಕೆ. ಸುಧಾರಿಸಿಕೊಂಡ ಮೇಲಿನ ಸಮಯಕ್ಕಲ್ಲ. ಕೂಗಾಡಿದ ದಿನವೇ, ಮಲಗುವ ಮುಂಚೆ, ಏನು ಮಾಡಿದಿರೋ ಅದರ ಹೆಸರು ಹಿಡಿದು ಹೇಳಿ. "ನನ್ನ ಬಲಹೀನತೆಗಳನ್ನೆಲ್ಲ ಕ್ಷಮಿಸು" ಎಂಬ ಸಗಟು ಪ್ರಾರ್ಥನೆ ಬೇಡ. ಬೆಳಿಗ್ಗೆ ಎದ್ದು, ನೋಯಿಸಿದವರ ಹತ್ತಿರವೂ ಅದನ್ನೇ ಹೇಳಿ, "ಆದರೆ ನೀನೂ..." ಎಂಬ ಬಾಲ ಸೇರಿಸದೆ.

ಇನ್ನು ಆ ಜೊತೆಗಾರನ 100 ದಿನಾರಿ. ಪ್ರಸಂಗಗಳಲ್ಲಿ ಇದನ್ನು ಚಿಲ್ಲರೆ ಎನ್ನುತ್ತಾರೆ. ಚಿಲ್ಲರೆಯಲ್ಲ ಸ್ವಾಮಿ, ಮೂರು ತಿಂಗಳಿಗೂ ಹೆಚ್ಚಿನ ದುಡಿಮೆ. ನಿಮಗಾದ ನಷ್ಟ ಸಣ್ಣದು ಎಂದು ಯೇಸು ಎಲ್ಲೂ ಹೇಳುತ್ತಿಲ್ಲ. ಇದು ಗೊತ್ತಿಲ್ಲದೆಯೇ ಬಹಳ ಜನರ ಕ್ಷಮೆ ಹಳಸಿಹೋಗುವುದು. "ಪರವಾಗಿಲ್ಲ, ಏನೂ ಆಗಲಿಲ್ಲ" ಎಂದು ಬಾಯಲ್ಲಿ ಹೇಳಿ, ಒಳಗೆ ಬಡ್ಡಿ ಹಾಕುತ್ತಾ ಕೂರುತ್ತೇವೆ. ಚುಚ್ಚುಮಾತು ಬಡ್ಡಿ. ಮೂರು ದಿನದ ಮೌನ ಬಡ್ಡಿ. ಅವರ ತಪ್ಪನ್ನು "ಪ್ರಾರ್ಥನಾ ವಿಷಯ" ಮಾಡಿ ನಾಲ್ಕು ಜನಕ್ಕೆ ಹಂಚುವುದಂತೂ ಚಕ್ರಬಡ್ಡಿ.

ಮನ್ನಾ ಮಾಡಬೇಕಾದರೆ ಮೊತ್ತ ಗೊತ್ತಿರಬೇಕು. ಒಂದು ಹಾಳೆಯಲ್ಲಿ ಅವರು ಏನು ಮಾಡಿದರು, ಅದರಿಂದ ನನ್ನದೇನು ಹೋಯಿತು ಎಂದು ಬರೆಯಿರಿ. ಅವರ ಸ್ವಭಾವದ ವಿಮರ್ಶೆ ಬೇಡ, ನಡೆದದ್ದು ಸಾಕು. ಪಕ್ಕದಲ್ಲಿ, ಇಷ್ಟು ದಿನ ನಾನು ಯಾವ ರೂಪದಲ್ಲಿ ಬಡ್ಡಿ ವಸೂಲು ಮಾಡಿದೆ ಎಂದೂ ಬರೆಯಿರಿ. ಈ ಎರಡನೇ ಅಂಕಣ ತುಂಬುವಾಗಲೇ ಕೈ ನಡುಗುವುದು. ಆಮೇಲೆ ದೇವರ ಮುಂದೆ ಓದಿ, ಹಾಳೆ ಹರಿದುಹಾಕಿ. ಅವರಿಗೆ ಕಳಿಸಬೇಡಿ, ದಯವಿಟ್ಟು! ಕಳಿಸಿದರೆ ಅದು ಬಿಲ್ಲಾಗುತ್ತದೆ.

1 ಕೊರಿಂಥ 13:5ರಲ್ಲಿ ಪ್ರೀತಿ ಅಪಕಾರವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದಿಲ್ಲ ಎಂದಿದೆಯಲ್ಲ, ಅಲ್ಲಿರುವ ಗ್ರೀಕ್ ಪದ ಲೊಗಿಜೊಮಾಯಿ, ಲೆಕ್ಕಕ್ಕೆ ಬರೆಯುವುದು. ಕರ್ತನು ಪಾಪವನ್ನು ಎಣಿಸದವನು ಧನ್ಯನು ಎನ್ನುವ ರೋಮಾಪುರ 4:8ರಲ್ಲೂ ಅದೇ ಪದ. ಎರಡೂ ಕಡೆ ವಿಷಯ ಲೆಕ್ಕದ ಪುಸ್ತಕದ್ದು, ಭಾವನೆಯದ್ದಲ್ಲ.

ಇಲ್ಲೊಂದು ಅಪಾಯವಿದೆ. ಸಾಲ ಮನ್ನಾ ಮಾಡುವುದೇ ಬೇರೆ, ಮತ್ತೆ ಸಾಲ ಕೊಡುವುದೇ ಬೇರೆ. ನಂಬಿಕೆ ಮುರಿದವನನ್ನು ಕ್ಷಮಿಸಿ, ಮರುದಿನವೇ ಬೀರುವಿನ ಕೀಲಿ ಅವನ ಕೈಗೆ ಕೊಡಬೇಕಿಲ್ಲ. ಲೂಕ 17:3ರಲ್ಲಿ ಗದರಿಸುವುದೂ ಇದೆ, ಪಶ್ಚಾತ್ತಾಪವೂ ಇದೆ. ರೋಮಾಪುರ 12:18ರಲ್ಲಿ ಎಲ್ಲರ ಸಂಗಡ ಸಮಾಧಾನದಿಂದಿರಿ ಎನ್ನುವಾಗ "ಸಾಧ್ಯವಾದರೆ" ಎಂಬ ಮಾತನ್ನು ಆ ಪತ್ರ ಬರೆದ ಪೌಲ ಬೇಕೆಂದೇ ಇಟ್ಟಿದ್ದಾನೆ. ಹೊಡೆತ ತಿನ್ನುತ್ತಿರುವ ಹೆಂಡತಿಗೆ "ಏಳೆಪ್ಪತ್ತು ಸಾರಿ" ಕ್ಷಮಿಸು ಎಂಬ ವಚನ ತೋರಿಸಿ ವಾಪಸ್ಸು ಕಳಿಸುವವರು ವಚನವನ್ನೇ ದೊಣ್ಣೆ ಮಾಡುತ್ತಿದ್ದಾರೆ. ಅಲ್ಲಿ ಮೊದಲು ಸುರಕ್ಷಿತ ಜಾಗ, ಆಮೇಲೆ ಕಾನೂನು. ಕ್ಷಮೆ ಇವೆರಡಕ್ಕೂ ಅಡ್ಡ ಬರುವುದಿಲ್ಲ.

ಆ ಏಳೆಪ್ಪತ್ತರ ವಿಷಯವೇ ಬಂತು ನೋಡಿ. ಯೇಸುವಿನ ಶಿಷ್ಯ ಪೇತ್ರ ಕೇಳಿದ್ದು, ತಪ್ಪು ಮಾಡಿದ ಸಹೋದರನನ್ನು ಏಳು ಸಾರಿ ಕ್ಷಮಿಸಿದರೆ ಸಾಕೇ ಎಂದು. ಏಳಲ್ಲ, ಏಳೆಪ್ಪತ್ತು ಸಾರಿ ಎಂದು ಯೇಸು ಹೇಳಿದ್ದು. ಗುಣಿಸಿದರೆ 490. ಆದರೆ ನಿಜವಾಗಿ ನಡೆಯುವುದು ಒಂದೇ ತಪ್ಪನ್ನು ಮತ್ತೆ ಮತ್ತೆ ಕ್ಷಮಿಸುವುದು. ಹಾಳೆ ಹರಿದು ವಾರ ಕಳೆದಿರುವುದಿಲ್ಲ, ಪಾತ್ರೆ ತೊಳೆಯುವಾಗ ಅದೇ ಮಾತು, ಅದೇ ಮುಖ ನೆನಪಾಗಿ ಹೊಟ್ಟೆ ಕುದಿಯುತ್ತದೆ. ಆಗ ಬಹಳ ಜನ "ನಾನು ಕ್ಷಮಿಸಿಯೇ ಇರಲಿಲ್ಲ" ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಹಾಗೇನಿಲ್ಲ. ನೆನಪು ಬಂದದ್ದು ತಪ್ಪಲ್ಲ, ಹಳೆಯ ಪುಸ್ತಕ ತೆರೆದು ಮತ್ತೆ ಕೂಡಿಸಲು ಕೂತರೆ ತಪ್ಪು. "ಈ ಲೆಕ್ಕ ಮುಗಿದಿದೆ, ಕರ್ತನೇ" ಎಂದು ಒಂದು ಮಾತು ಹೇಳಿ, ಮುಂದಿನ ತಟ್ಟೆಗೆ ಕೈ ಹಾಕಿ.