ಸಂಜೆ ಮನೆಗೆ ಬರುವ ಮಧ್ಯಾಹ್ನದ ಬಿಸಿಲು

ನಮಸ್ಕಾರ. ಹೋದ ಏಪ್ರಿಲ್‌ನಲ್ಲಿ ಒಂದು ರಾತ್ರಿ ನಿದ್ದೆ ಬರಲಿಲ್ಲ. ಎದ್ದೆ. ಫ್ಯಾನ್ ಒರೆಸೋಕೆ ಇಟ್ಟಿರುವ ಎತ್ತರದ ಸ್ಟೂಲ್ ಹತ್ತಿ ಸೂರು ಮುಟ್ಟಿ ನೋಡಿದೆ. ಗಂಟೆ 11. ಹೊರಗೆ ಬೆಂಗಳೂರಿನ ತಣ್ಣನೆ ಗಾಳಿ. ಸೂರು ಮಾತ್ರ ಜ್ವರ ಬಂದವರ ಹಣೆಯ ಹಾಗೆ ಸುಡುತ್ತಿತ್ತು.

ಮೇಲಿನ ಮಹಡಿಯ ಬಾಡಿಗೆ ಮನೆಯಲ್ಲಿ ಇರುವವರಿಗೆ ಇದನ್ನು ಹೇಳಬೇಕಾಗಿಲ್ಲ, ಅಲ್ವಾ?

ಸಲಹೆ ಕೊಡುವವರಿಗೇನೂ ಕಮ್ಮಿ ಇಲ್ಲ. ಒಬ್ಬರು ರೆಡ್ ಆಕ್ಸೈಡ್ ತಂಪು ಅಂತಾರೆ. ಇನ್ನೊಬ್ಬರು ಕಲ್ಲು ತಂಪು ಅಂತಾರೆ. ಮಣ್ಣಿನ ಇಟ್ಟಿಗೆ ತಂಪು ಅನ್ನುವವರೂ ಇದ್ದಾರೆ. ನನ್ನ ಪ್ರಕಾರ ತಂಪು ವಸ್ತು ಅಂತ ಒಂದು ಇಲ್ಲವೇ ಇಲ್ಲ. ಬೆಳಗ್ಗೆ ಟೈಲ್ಸ್ ಮೇಲೆ ಕಾಲಿಟ್ಟರೆ ಚಳಿ ಅನ್ನಿಸುತ್ತದೆ, ಪಕ್ಕದ ಚಾಪೆ ಬೆಚ್ಚಗಿರುತ್ತದೆ. ಥರ್ಮಾಮೀಟರ್ ಇಟ್ಟು ನೋಡಿ, ಎರಡೂ ಹೆಚ್ಚುಕಮ್ಮಿ ಒಂದೇ. ಟೈಲ್ಸ್ ನಿಮ್ಮ ಪಾದದ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಚಾಪೆ ಎಳೆಯುವುದಿಲ್ಲ. ಅಷ್ಟೇ ವ್ಯತ್ಯಾಸ. ಹಾಗಾಗಿ ಮನೆ ಕಟ್ಟುವಾಗ ಕೇಳಬೇಕಾದ ಪ್ರಶ್ನೆಯೇ ಬೇರೆ. ಹೊರಗಿನ ಬಿಸಿಲು ಒಳಗೆ ಎಷ್ಟು ಬರುತ್ತದೆ, ಅದೂ ಎಷ್ಟು ಹೊತ್ತಿಗೆ ಬರುತ್ತದೆ?

ನಮ್ಮ ಆರ್‌ಸಿಸಿ ಸ್ಲ್ಯಾಬ್ ವಿಷಯಕ್ಕೆ ಬರೋಣ. ದಪ್ಪ 5 ಇಂಚು. 10ಕ್ಕೆ 10 ಅಡಿ ರೂಮಿನ ಮೇಲೆ ಅದರ ತೂಕ ಸುಮಾರು ಎರಡೂಮುಕ್ಕಾಲು ಟನ್. ಕೆಜಿ ಲೆಕ್ಕದಲ್ಲಿ ಕಾಂಕ್ರೀಟ್ ನೀರಿನ ಐದನೇ ಒಂದು ಪಾಲು ಶಾಖವನ್ನಷ್ಟೇ ಹಿಡಿಯುತ್ತದೆ. ಆದರೆ ಇಲ್ಲಿ ಕೆಜಿಗಳೇ ಜಾಸ್ತಿ. ಬೆಳಗಿನಿಂದ ಆ ಸ್ಲ್ಯಾಬ್ ಸರಾಸರಿ 15 ಡಿಗ್ರಿ ಕಾದರೆ ಅದರೊಳಗೆ ಸೇರುವ ಶಾಖ ಕರೆಂಟ್ ಲೆಕ್ಕದಲ್ಲಿ 10 ಯೂನಿಟ್. ನಿಮ್ಮ ಮಂಚದ ಮೇಲೆ, ನೇತು ಹಾಕಿದ ಹಾಗೆ, 10 ಯೂನಿಟ್ ಬಿಸಿ!

ಅದು ಇಳಿಯುವ ಹೊತ್ತು ನೋಡಿ. 5 ಇಂಚು ಕಾಂಕ್ರೀಟ್ ದಾಟೋಕೆ ಶಾಖಕ್ಕೆ ಮೂರು, ಮೂರೂವರೆ ಗಂಟೆ ಬೇಕು. ಮಧ್ಯಾಹ್ನ ಎರಡೂವರೆ ಮೂರಕ್ಕೆ ಟೆರೇಸ್ ಚೆನ್ನಾಗಿ ಕಾದಿರುತ್ತದೆ. ಅದು ಕೆಳಗೆ ತಲುಪುವುದು ಸಂಜೆ ಆರು, ಆರೂವರೆಗೆ. ನಾವು ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಸರಿಯಾಗಿ! ಆಮೇಲೆ ಮಲಗುವವರೆಗೂ ಅದು ನಿಧಾನಕ್ಕೆ ಸುರಿಯುತ್ತಲೇ ಇರುತ್ತದೆ. ಫ್ಯಾನ್ ಹಾಕಿದರೆ ಸೂರಿನ ಕೆಳಗಿನ ಬಿಸಿ ಗಾಳಿಯನ್ನೇ ಇಳಿಸಿ ಮುಖಕ್ಕೆ ಹೊಡೆಯುತ್ತದೆ.

ನಮ್ಮಜ್ಜಿ ಮನೆ ಲಿಂಗಸುಗೂರು ಕಡೆ. ಮಾಳಿಗೆ ಮನೆ. ತೊಲೆ, ಜಂತಿ, ಅದರ ಮೇಲೆ ಒಂದು ಅಡಿಗೂ ಜಾಸ್ತಿ ಮಣ್ಣು. ಗೋಡೆ ಎರಡು ಅಡಿ ದಪ್ಪ. ಮೇ ತಿಂಗಳಲ್ಲಿ ಹೊರಗೆ 40 ದಾಟಿದರೂ ಪಡಸಾಲೆಯಲ್ಲಿ ಮಧ್ಯಾಹ್ನ ನಿದ್ದೆ ಹತ್ತುತ್ತಿತ್ತು. ಮಣ್ಣಿನಲ್ಲಿ ಏನೋ ಮಾಯೆ ಇದೆ ಅಂತಲ್ಲ. ಒಂದು ಅಡಿ ಮಣ್ಣನ್ನು ದಾಟೋಕೆ ಶಾಖಕ್ಕೆ ಸುಮಾರು 10 ಗಂಟೆ ಬೇಕು. ದಾಟುವಷ್ಟರಲ್ಲಿ ಅದು ಸುಸ್ತಾಗಿರುತ್ತದೆ. ಮೇಲೆ 20 ಡಿಗ್ರಿ ಏರಿಳಿತ ಇದ್ದರೆ ಕೆಳಗೆ ಒಂದೆರಡು ಡಿಗ್ರಿ ಉಳಿಯುತ್ತದೆ. ಸ್ಲ್ಯಾಬಿನಲ್ಲಿ ಎಂಟು ಡಿಗ್ರಿ ಉಳಿಯುತ್ತದೆ. ಆ ಒಂದೆರಡು ಡಿಗ್ರಿ ಇಳಿಯುವ ಹೊತ್ತಿಗೆ ಮಧ್ಯರಾತ್ರಿ. ಆಗ ಕೆಳಗೆ ಯಾರಿದ್ದರು? ಬೇಸಿಗೆಯಲ್ಲಿ ಎಲ್ಲರೂ ಮಾಳಿಗೆ ಮೇಲೆ ಹಾಸಿಗೆ ಹಾಕುತ್ತಿದ್ದೆವು.

ಇದನ್ನೇ ತಗೊಂಡು ಹೋಗಿ ಮಂಗಳೂರಿನಲ್ಲಿ ಕಟ್ಟಿದರೆ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ರಾತ್ರಿಯೂ ಸೆಕೆ. ದಪ್ಪ ಗೋಡೆ ಹಗಲಿನ ಬಿಸಿಯನ್ನು ರಾತ್ರಿ ಕಳೆದುಕೊಳ್ಳೋಣ ಅಂದರೆ ಹೊರಗೆ ತಂಪೇ ಇರುವುದಿಲ್ಲ. ಅಲ್ಲಿಗೆ ಹೆಂಚು ಸರಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಆ ಹೆಂಚು ತೆಳ್ಳಗಿದೆ. ಬೇಗ ಕಾಯುತ್ತದೆ, ಹೊತ್ತು ಮುಳುಗಿದರೆ ಬೇಗ ಆರುತ್ತದೆ. ಸಂದಿನಲ್ಲಿ ಬಿಸಿ ಗಾಳಿ ಹೊರಗೆ ಹೋಗುತ್ತದೆ. ಕಾದ ಹೆಂಚಿಗೂ ನಮಗೂ ನಡುವೆ ಅಟ್ಟ ಇರುತ್ತದೆ. ಸ್ಲ್ಯಾಬ್ ಮಾತ್ರ ಎರಡೂ ಕಡೆ ಸಲ್ಲದ್ದು. ಮಾಳಿಗೆಯ ಹಾಗೆ ತಡೆಯುವಷ್ಟು ದಪ್ಪ ಇಲ್ಲ, ಹೆಂಚಿನ ಹಾಗೆ ಬೇಗ ಆರುವಷ್ಟು ತೆಳುವೂ ಅಲ್ಲ.

ಹಾಗಂತ ಹಳೆಯದೇ ಚೆಂದ ಅಂತ ಹಾಡೋಕೆ ನಾನು ಬಂದಿಲ್ಲ. ಮಾಳಿಗೆಗೆ ಪ್ರತಿ ಮಳೆಗಾಲಕ್ಕೆ ಮುಂಚೆ ಚೌಳು ಮಣ್ಣು ಹಾಕಬೇಕು. ಹಾಕಿದರೂ ಸೋರುತ್ತದೆ. ಚೇಳು ಬೀಳುತ್ತವೆ. ಅದಕ್ಕಿಂತ ದೊಡ್ಡದು, 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪ ಆಯಿತಲ್ಲ, ಅಲ್ಲಿ ಜನ ಸತ್ತಿದ್ದು ಇಂಥ ಮನೆಗಳ ಕೆಳಗೇ. ದಪ್ಪ ಕಲ್ಲಿನ ಗೋಡೆ, ಮೇಲೆ ಭಾರದ ಮಣ್ಣು, ಮಲಗಿದ್ದವರ ಮೇಲೆ ಬಿತ್ತು. ಸಾವಿರಾರು ಜನ ಹೋದರು. ತಂಪು ಕೊಟ್ಟ ಆ ಭಾರವೇ ಕೊಂದಿತು. ಸ್ಲ್ಯಾಬ್ ಬೇಡ ಅನ್ನುವವರು ಇದನ್ನೂ ನೆನಪಿಡಬೇಕು.

ಸ್ಲ್ಯಾಬ್ ಇರಲಿ. ಅದರ ನೆತ್ತಿಗೆ ಏನೂ ಮುಚ್ಚದೆ ಬಿಸಿಲಿಗೆ ಬಿಡುತ್ತೇವಲ್ಲ, ನನ್ನ ತಕರಾರು ಅದಕ್ಕೆ. ಗೇಟಿನ ಮುಂದೆ ಗ್ರಾನೈಟ್ ಹಾಕಿಸುತ್ತೇವೆ. ಒಳಗೆ ಫಾಲ್ಸ್ ಸೀಲಿಂಗ್ ಮಾಡಿಸುತ್ತೇವೆ. ಟೆರೇಸಿಗೆ ಮಾತ್ರ ಸಿಮೆಂಟ್ ಬಣ್ಣವೇ ಗತಿ. ಥರ್ಮೋಕೋಲ್ ಶಾಖ ಸಾಗಿಸುವುದು ಕಾಂಕ್ರೀಟಿಗಿಂತ ಸುಮಾರು 40 ಪಟ್ಟು ಕಡಿಮೆ. ಆದರೆ ಆ ಪದರವನ್ನು ಸ್ಲ್ಯಾಬಿನ ಕೆಳಗೆ ಹಾಕಿದರೆ ಸ್ಲ್ಯಾಬ್ ಕಾಯುವುದಂತೂ ತಪ್ಪುವುದಿಲ್ಲ. ಮೇಲೆ ಹಾಕಿದರೆ ಸ್ಲ್ಯಾಬ್ ಕಾಯುವುದೇ ಕಮ್ಮಿ. ಅಷ್ಟು ಟನ್ ಕಾಂಕ್ರೀಟ್ ಒಳಗಿನ ತಂಪಿನ ಜೊತೆ ಸೇರಿಕೊಳ್ಳುತ್ತದೆ. ವಸ್ತು ಅದೇ, ಜಾಗ ಬದಲಾದರೆ ಫಲ ಉಲ್ಟಾ.

ಅಷ್ಟು ದುಡ್ಡಿಲ್ಲದಿದ್ದರೆ ಬಿಳಿ ಸುಣ್ಣ ಇದೆಯಲ್ಲ. ಬಿಸಿಲಿನ ದೊಡ್ಡ ಪಾಲನ್ನು ಅದು ವಾಪಸ್ ಕಳಿಸುತ್ತದೆ. ತೆಲಂಗಾಣದವರು 2023ರಲ್ಲಿ ಇದಕ್ಕೆಂದೇ ಕೂಲ್ ರೂಫ್ ನೀತಿ ತಂದರು. ನೀರು ಹಾಕುವುದೂ ಒಳ್ಳೆಯದೇ, ಆದರೆ ಬಕೆಟ್ಟಲ್ಲಿ ಸುರಿದರೆ ಅದು ಬಿಸಿ ತಗೊಳ್ಳುವ ಮುಂಚೆಯೇ ಪೈಪಿಗೆ ಇಳಿಯುತ್ತದೆ. ಗೋಣಿ ಚೀಲ ನೆನೆಸಿ ಹಾಸಬೇಕು. 15 ಲೀಟರ್ ನೀರು ಪೂರ್ತಿ ಆವಿಯಾದರೆ ಆಗ ಹೇಳಿದ 10 ಯೂನಿಟ್ ಅದರ ಜೊತೆಗೇ ಹೋಗುತ್ತದೆ. ಒಂದು ಬಕೆಟ್! ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುವ ಬಡಾವಣೆಯಲ್ಲಿ ಆ ಒಂದು ಬಕೆಟ್ಟೂ ಯೋಚನೆ ಮಾಡುವಂಥದ್ದೇ, ಬಿಡಿ.

ನಾನು ಸುಣ್ಣಕ್ಕೆ ಮನಸ್ಸು ಮಾಡಿದ್ದೇನೆ. ಮನೆ ಮಾಲೀಕರನ್ನು ಕೇಳಿದೆ, ಒಪ್ಪಿದರು. ಖರ್ಚು ನನ್ನದು. ಅವರ ಮನೆಯವರದ್ದು ಒಂದೇ ಷರತ್ತು. "ನೀರಿನ ಟ್ಯಾಂಕ್ ಪಕ್ಕದ ಮೂಲೆಗೆ ಮಾತ್ರ ಬಳಿಯಬೇಡಿ. ನೆಲ ಚೆನ್ನಾಗಿ ಕಾದರೇನೇ ಅಲ್ಲಿ ಹಪ್ಪಳ ಒಣಗೋದು."