ಸಂತೆ ದಿನದ ಮಾತ್ರೆ

(ಮೂಡಿಗೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮಹಿಳಾ ಸಂಘದವರ ಮುಂದೆ ವೈದ್ಯರೊಬ್ಬರು ಸಂಧಿವಾತದ ಬಗ್ಗೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲಿನ ನಡುವೆ ಬಿಡುವು ಮಾಡಿಕೊಂಡು ಬಂದಿದ್ದೀರಿ. ಸುತ್ತಿ ಬಳಸಿ ಮಾತಾಡುವುದಿಲ್ಲ.

ಬೆಳಿಗ್ಗೆ ಅಕ್ಕಿರೊಟ್ಟಿ ತಟ್ಟಲು ಕೂತರೆ ಬೆರಳೇ ಬಗ್ಗುವುದಿಲ್ಲ, ಬಿಸಿನೀರಲ್ಲಿ ಕೈ ಅದ್ದಿ ಒಂದು ಗಂಟೆ ಕಳೆದ ಮೇಲೆ ಸರಾಗ. ಹೀಗೆ ಹೇಳುವವರನ್ನು ನಾನು ಬೇಗ ಒಳಗೆ ಕರೆಯುತ್ತೇನೆ. ಸವೆತದ ಮಂಡಿನೋವು ಓಡಾಡಿದಷ್ಟೂ ಏರುತ್ತದೆ, ಕೂತರೆ ಇಳಿಯುತ್ತದೆ. ಇದು ಉಲ್ಟಾ. ಸುಮ್ನೆ ಕೂತರೇ ಬಿಗಿಯುತ್ತದೆ. ಬೆರಳ ಬುಡದ ಗೆಣ್ಣು, ಮಣಿಕಟ್ಟು, ಅದೂ ಎರಡೂ ಕೈಯಲ್ಲಿ ಊತ. ಹೋದ ವರ್ಷ ಸಲೀಸಾಗಿ ಏರುತ್ತಿದ್ದ ಬಳೆ ಈಗ ಏರುವುದಿಲ್ಲ. ಇದೇ ರುಮಟಾಯ್ಡ್ ಆರ್ಥ್ರೈಟಿಸ್, ನಮ್ಮ ಮಾತಿನಲ್ಲಿ ಸಂಧಿವಾತ.

ಮಲೆನಾಡಿನ ಥಂಡಿ ಇದಕ್ಕೆ ಕಾರಣ ಅಲ್ಲ. ಬದನೆಕಾಯಿಯೂ ಅಲ್ಲ, ಪಾಪ. ರೋಗಾಣುಗಳನ್ನು ಹೊಡೆಯಬೇಕಾದ ದೇಹದ ಕಾವಲು ಪಡೆ ತನ್ನದೇ ಕೀಲಿನ ಒಳಪದರದ ಮೇಲೆ ಬೀಳುತ್ತದೆ. ಹಾಗೇ ಬಿಟ್ಟರೆ ಮೂಳೆಯನ್ನೇ ಕೊರೆಯುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ 2-3 ಪಟ್ಟು ಜಾಸ್ತಿ. ಚಿಕುನ್‌ಗುನ್ಯಾ ಬಂದು ಹೋದ ಮೇಲೂ ತಿಂಗಳುಗಟ್ಟಲೆ ಕೀಲು ಹೀಗೇ ಊದಬಹುದು. ಆರ್‌ಎ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆ ಪಾಸಿಟಿವ್ ಬಂದವರಿಗೆಲ್ಲ ಈ ಕಾಯಿಲೆ ಇರುವುದಿಲ್ಲ, ನೆಗೆಟಿವ್ ಬಂದವರಿಗೂ ಇರಬಹುದು. ಬರೀ ಲ್ಯಾಬ್ ಚೀಟಿ ಸಾಲದು, ಡಾಕ್ಟರು ಕೈ ಮುಟ್ಟಿ ನೋಡಬೇಕು.

ಇನ್ನು ಮದ್ದು. ನೋವಿನ ಮಾತ್ರೆ ನೋವನ್ನಷ್ಟೇ ಮರೆಸುತ್ತದೆ, ಕೊರೆತ ಒಳಗೆ ನಡೆದೇ ಇರುತ್ತದೆ. ಅದನ್ನು ತಡೆಯಲು ಸಾಮಾನ್ಯವಾಗಿ ಮೊದಲು ಕೊಡುವುದು ಮೆಥೊಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ! ಹಳೇ ಕಥೆ ಒಂದು ಹೇಳುತ್ತೇನೆ. ನಾನು ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿದಾಗ ಚೀಟಿಯಲ್ಲಿ ವಾರಕ್ಕೊಮ್ಮೆ ಅಂತ ಇಂಗ್ಲಿಷಿನಲ್ಲಿ ಗೀಚಿ ಕೊಟ್ಟೆ. ಆ ಅಮ್ಮ ದಿನಾ ನುಂಗಿದರು. ಹತ್ತು ದಿನಕ್ಕೆ ಬಾಯಿ ತುಂಬ ಹುಣ್ಣು, ರಕ್ತಕಣ ಇಳಿದು ಆಸ್ಪತ್ರೆ ಸೇರಿದರು. ಬದುಕಿಕೊಂಡರು, ನನ್ನ ಪುಣ್ಯ. ಅಂದಿನಿಂದ ಎಲ್ಲರನ್ನೂ ಕೇಳುತ್ತೇನೆ, ‘ನಿಮ್ಮೂರ ಸಂತೆ ಯಾವತ್ತು?’ ಆ ದಿನದ ಹೆಸರನ್ನು ಚೀಟಿಯಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಸಂತೆ ದಿನ ಯಾರೂ ಮರೆಯುವುದಿಲ್ಲ, ಅಲ್ವಾ?

ಗುಣ ಕಾಣಲು 6ರಿಂದ 12 ವಾರ ಬೇಕು. ಜೊತೆಗೆ ಫೋಲಿಕ್ ಆಸಿಡ್ ಎಂಬ ವಿಟಮಿನ್ ಮಾತ್ರೆ ಕೊಡುತ್ತೇವೆ. ಲಿವರ್, ರಕ್ತಕಣದ ಪರೀಕ್ಷೆ ಆಗಾಗ ಆಗಲೇಬೇಕು. ಮಗು ಬೇಕು ಅನ್ನುವವರು ಮೊದಲೇ ಹೇಳಿ, ಈ ಮದ್ದು ಬಸುರಿಯರಿಗೆ ಕೂಡದು.

ಅದೇ ಸಂತೆಯಲ್ಲಿ ಎರಡು ದಿನಕ್ಕೆ ನೋವು ಮಾಯ ಮಾಡುವ ಪುಡಿಯೂ ಸಿಗುತ್ತದೆ. ಇಂಥ ಪುಡಿಗೆ ಸ್ಟೀರಾಯ್ಡ್ ಬೆರೆಸಿರುವುದುಂಟು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಡಾಕ್ಟರ್ ಫಿಲಿಪ್ ಹೆಂಚ್ ಸಂಧಿವಾತದ ಹೆಂಗಸೊಬ್ಬರಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಚುಚ್ಚಿದರು. ನಡೆಯಲಾರದವರು ಕೆಲವೇ ದಿನಗಳಲ್ಲಿ ಎದ್ದು ಓಡಾಡಿದರು. 1950ರಲ್ಲಿ ನೊಬೆಲ್ ಕೂಡ ಬಂತು. ಆದರೆ ಹೆಚ್ಚು ದಿನ ಕೊಟ್ಟಾಗ ಮುಖ ಊದಿತು, ಮೂಳೆ ಟೊಳ್ಳಾಯಿತು. ಈಗ ನಾವೂ ಸ್ಟೀರಾಯ್ಡ್ ಕೊಡುತ್ತೇವೆ, ಮೆಥೊಟ್ರೆಕ್ಸೇಟ್ ಹಿಡಿಯುವವರೆಗೆ, ಸ್ವಲ್ಪ ದಿನ, ಲೆಕ್ಕ ಇಟ್ಟುಕೊಂಡು. ಪುಡಿ ಮಾರುವವನ ಹತ್ತಿರ ಲೆಕ್ಕ ಎಲ್ಲಿದೆ?

ಈಗ ಎಲ್ಲರೂ ಒಂದ್ಸಲ ಮುಷ್ಟಿ ಕಟ್ಟಿ. ಗಟ್ಟಿಯಾಗಿ. ಕಟ್ಟಲಾಗದವರು ಕಾಫಿ ಆದ ಮೇಲೆ ಆ ಕಿಟಕಿ ಹತ್ತಿರ ಬನ್ನಿ, ಅಲ್ಲಿ ಬೆಳಕು ಚೆನ್ನಾಗಿದೆ.