ಖಾಲಿ ಮನೆ ಮೊದಲು, ಹೆಸರು ಆಮೇಲೆ

ಎಲ್ಲರಿಗೂ ನಮಸ್ಕಾರ. ಇವತ್ತು ಸ್ವಲ್ಪ ಜಗಳದ ಮೂಡಲ್ಲೇ ಬಂದಿದ್ದೇನೆ. ವಿಷಯ ಆವರ್ತಕ ಕೋಷ್ಟಕ. ಅದೇ, ಲ್ಯಾಬಿನ ಗೋಡೆಗೆ ನೇತು ಹಾಕಿರ್ತಾರಲ್ಲ, ಧಾತುಗಳನ್ನೆಲ್ಲ ಸಾಲಾಗಿ ಜೋಡಿಸಿದ ಬಣ್ಣ ಬಣ್ಣದ ಚಾರ್ಟು.

2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಿಂದ ಈ ಪಾಠವನ್ನೇ ತೆಗೆದರು. ಮಕ್ಕಳ ಹೊರೆ ಇಳಿಸಬೇಕು, ಹೇಗೂ ಹನ್ನೊಂದರಲ್ಲಿ ಬರುತ್ತಲ್ಲ ಅನ್ನೋದು ಕೊಟ್ಟ ಕಾರಣ. ಸರಿ. ಹತ್ತು ಮುಗಿಸಿ ಕಾಮರ್ಸ್‌ಗೋ ಆರ್ಟ್ಸ್‌ಗೋ ಹೋಗುವ ಮಕ್ಕಳು? ಅವರ ಪಾಲಿಗೆ ಅದು ಹೋದ ಹಾಗೇ. ನನ್ನ ಪ್ರಕಾರ ಅದು ತಪ್ಪು ನಿರ್ಧಾರ. ಆದರೆ ನಾವು ಈ ಪಾಠ ಮಾಡುವ ರೀತಿ ನೋಡಿದರೆ ಹೊರೆ ಅನ್ನಿಸದೆ ಇನ್ನೇನು? ಹೈಡ್ರೋಜನ್, ಹೀಲಿಯಂ, ಲಿಥಿಯಂ, ಬೆರಿಲಿಯಂ... ಇಪ್ಪತ್ತು ಹೆಸರು ಉರು ಹೊಡೆಸಿ, ಒಪ್ಪಿಸಲು ಹೇಳಿ, ಮುಂದಿನ ಪಾಠಕ್ಕೆ ಹೋಗುತ್ತೇವೆ. ಹೆಸರು ಬೇಕಾದರೆ ಫೋನ್‌ನಲ್ಲಿದೆ. ಅದಕ್ಕೆ ಪಾಠ ಯಾಕೆ?

ನಾನಾದರೆ ಹೀಗೆ ಶುರು ಮಾಡುತ್ತೇನೆ. ಬೋರ್ಡ್ ಮೇಲೆ ಸತು ಅಂತ ಬರೆದು, ಪಕ್ಕದಲ್ಲಿ ಅದರ ಪರಮಾಣು ತೂಕ 65. ಆಮೇಲೆ ಎರಡು ಮನೆ ಖಾಲಿ. ಅದರಾಚೆ ಆರ್ಸೆನಿಕ್, 75. ಈಗ ಆ ಎರಡು ಖಾಲಿ ಮನೆಯಲ್ಲಿ ಎಷ್ಟೆಷ್ಟು ಇರಬಹುದು ಹೇಳಿ. 65ರಿಂದ 75ಕ್ಕೆ ಮೂರು ಮೆಟ್ಟಿಲು, ಒಂದೊಂದು ಮೂರು ಚಿಲ್ಲರೆ. ಅಂದರೆ 68, ಆಮೇಲೆ 72. ಆರನೇ ಕ್ಲಾಸಿನ ಮಗುವೂ ಮಾಡುವ ಲೆಕ್ಕ, ಅಲ್ವಾ?

ರಷ್ಯಾದ ರಸಾಯನಶಾಸ್ತ್ರಜ್ಞ ಡಿಮಿಟ್ರಿ ಮೆಂಡಲೀವ್ ಹೇಳಿದ್ದೂ ಅದೇ 68, ಅದೇ 72. ಅವರು ಮೊದಲ ಕೋಷ್ಟಕ ಮಾಡಿದ್ದು 1869ರಲ್ಲಿ, ಧಾತುಗಳನ್ನು ತೂಕದ ಕ್ರಮದಲ್ಲಿ ನಿಲ್ಲಿಸಿ, ಒಂದೇ ಥರದ ಗುಣ ಇರುವವನ್ನು ಒಂದೇ ಗುಂಪಿಗೆ ಸೇರಿಸಿ. ಆಗ ಗೊತ್ತಿದ್ದ ಧಾತುಗಳು 63. ಆ ಎರಡು ಮನೆಗೆ ತಕ್ಕ ಧಾತು ಯಾರ ಕೈಯಲ್ಲೂ ಇರಲಿಲ್ಲ. ಇರುವವರನ್ನೇ ಒತ್ತೊತ್ತಿಗೆ ಕೂರಿಸಿ ಮುಗಿಸಬಹುದಿತ್ತು. ಅವರು ಹಾಗೆ ಮಾಡದೆ, ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ, ಬರದೇ ಇರುವವರಿಗೆ ಜಾಗ ಇಟ್ಟರು. 1871ರಲ್ಲಂತೂ ಬರುವವರ ತೂಕ, ಸಾಂದ್ರತೆ, ಸ್ವಭಾವ ಎಲ್ಲವನ್ನೂ ಬರೆದಿಟ್ಟರು. ಸುಳ್ಳಾದರೆ ಮಾನ ಹೋಗುತ್ತಿತ್ತು.

1875ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬ್ವಾಬೋದ್ರಾನ್ ಸತುವಿನ ಅದಿರನ್ನು ಪರೀಕ್ಷಿಸುವಾಗ ವರ್ಣಪಟಲದಲ್ಲಿ, ಅಂದರೆ ಬಣ್ಣ ಬಣ್ಣವಾಗಿ ಬಿಡಿಸಿದ ಬೆಳಕಿನಲ್ಲಿ, ಎರಡು ನೇರಳೆ ಗೆರೆ ಕಂಡರು. ಹೊಸ ಧಾತು! ಗ್ಯಾಲಿಯಂ ಅಂತ ಹೆಸರಿಟ್ಟರು. ನಮ್ಮ ಮೊದಲ ಖಾಲಿ ಮನೆಗೆ ಬಂದದ್ದು ಇದೇ. ಸಾಂದ್ರತೆ ಅಳೆದರೆ 4.7 (ನೀರಿನದ್ದು 1) ಬಂತು. ಅದನ್ನು ಓದಿದ ಮೆಂಡಲೀವ್, ಇಲ್ಲ, ಅದು 5.9ರ ಆಸುಪಾಸು ಇರಬೇಕು, ಇನ್ನೊಮ್ಮೆ ಅಳೆಯಿರಿ ಅಂದರು. ಧೈರ್ಯ ನೋಡಿ! ಲೋಹ ಇರುವುದು ಫ್ರಾನ್ಸಿನಲ್ಲಿ. ಇವರು ಅದನ್ನು ಕಣ್ಣಲ್ಲೂ ಕಂಡಿಲ್ಲ. ಬ್ವಾಬೋದ್ರಾನ್ ಅದನ್ನು ಇನ್ನಷ್ಟು ಶುದ್ಧ ಮಾಡಿ ಮತ್ತೆ ಅಳೆದರು. 5.9. ಈ ಗ್ಯಾಲಿಯಂ ಸುಮಾರು 30 ಡಿಗ್ರಿಗೇ ಕರಗುತ್ತದೆ, ಅಂಗೈಯಲ್ಲಿ ಇಟ್ಟುಕೊಂಡರೆ ಸಾಕು, ನೀರಾಗುತ್ತದೆ. ನಿಮ್ಮ ಮನೆಯ ಎಲ್‌ಇಡಿ ಬಲ್ಬಿನಲ್ಲೂ ಇದೆ. ಪಕ್ಕದ ಮನೆಯ ಜರ್ಮೇನಿಯಂ 1886ರಲ್ಲಿ ಸಿಕ್ಕಿತು, ತೂಕ 72ಕ್ಕಿಂತ ಚೂರು ಜಾಸ್ತಿ.

ಹಾಗಂತ ಮೆಂಡಲೀವ್ ಹೇಳಿದ್ದೆಲ್ಲ ನಿಜವಾಯಿತು ಅಂದುಕೊಳ್ಳಬೇಡಿ. ಇಲ್ಲೇ ನನಗೆ ಪಾಠ ಇನ್ನೂ ರುಚಿಸುವುದು. ತೂಕ ನೋಡಿದರೆ ಅಯೋಡಿನ್ 126.9, ಟೆಲ್ಯೂರಿಯಂ 127.6. ಅಯೋಡಿನ್ ಮೊದಲು ಬರಬೇಕು. ಆದರೆ ಗುಣದಲ್ಲಿ ಅಯೋಡಿನ್ ಥೇಟ್ ಕ್ಲೋರಿನ್, ಬ್ರೋಮಿನ್ ಕಡೆಯದು. ಮೆಂಡಲೀವ್ ಗುಣಕ್ಕೆ ಬೆಲೆ ಕೊಟ್ಟು ಟೆಲ್ಯೂರಿಯಂ ಅನ್ನೇ ಮುಂದೆ ಕೂರಿಸಿದರು. ಅದರ ತೂಕ ಅಳೆದವರದ್ದೇ ತಪ್ಪು ಅಂದರು. ಕೂರಿಸಿದ ಜಾಗ ಸರಿ. ಕೊಟ್ಟ ಕಾರಣ ತಪ್ಪು! ತೂಕ ಎಷ್ಟು ಸಲ ಅಳೆದರೂ ಬದಲಾಗಲಿಲ್ಲ.

ಗಂಟು ಬಿಚ್ಚಿದ್ದು 1913ರಲ್ಲಿ, ಇಂಗ್ಲೆಂಡಿನ ಭೌತವಿಜ್ಞಾನಿ ಹೆನ್ರಿ ಮೋಸ್ಲಿ. ಒಂದೊಂದೇ ಧಾತುವಿನಿಂದ ಹೊರಡುವ ಎಕ್ಸ್-ರೇ ಅಳೆಯುತ್ತಾ ಹೋದರು. ಮನೆಯಿಂದ ಮನೆಗೆ ಒಂದೇ ಲೆಕ್ಕದಲ್ಲಿ ಏರಿಕೆ. ಸಾಲು ನಿಲ್ಲಬೇಕಾದದ್ದು ತೂಕದ ಪ್ರಕಾರ ಅಲ್ಲ, ಪರಮಾಣು ಸಂಖ್ಯೆಯ ಪ್ರಕಾರ, ಅಂದರೆ ನಡುವಿನ ಬೀಜದಲ್ಲಿ ಎಷ್ಟು ಪ್ರೋಟಾನ್ ಇದೆ ಅನ್ನೋದರ ಪ್ರಕಾರ ಅಂತ ಗೊತ್ತಾಯಿತು. ಟೆಲ್ಯೂರಿಯಂ 52, ಅಯೋಡಿನ್ 53. ಎರಡೇ ವರ್ಷಕ್ಕೆ, 1915ರಲ್ಲಿ, ಮೊದಲ ಮಹಾಯುದ್ಧದ ಗಲಿಪೊಲಿ ಕಾಳಗದಲ್ಲಿ ಮೋಸ್ಲಿ ಗುಂಡೇಟಿಗೆ ಸತ್ತರು. ಬರೀ 27 ವಯಸ್ಸು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಷ್ಟು ಹೇಳಲು ಎರಡು ಪೀರಿಯಡ್ ಸಾಕು. ಮೇಷ್ಟ್ರಿಗೆ ಬೇಕಾದದ್ದು ಸೀಮೆಸುಣ್ಣ, ಅಷ್ಟೇ. ಸಿಲಬಸ್ ಮಾಡುವವರು ಪಾಠ ವಾಪಸ್ ತರಲಿ, ಹೆಸರು ಒಪ್ಪಿಸುವ ಪ್ರಶ್ನೆ ಮಾತ್ರ ಬೇಡ. ಬದಲಿಗೆ ಇದನ್ನು ಕೇಳಲಿ: ಆರ್ಗಾನ್ ತೂಕ 39.9, ಪೊಟ್ಯಾಸಿಯಂ ತೂಕ 39.1. ಆದರೂ ಆರ್ಗಾನ್ ಮೊದಲು ಯಾಕೆ? ಮೂರು ಮಾರ್ಕ್ಸ್ ಕೊಡಲಿ. ನಿಮ್ಮ ಮನೆಯ ಮಕ್ಕಳಿಗೂ ಒಮ್ಮೆ ಕೇಳಿ ನೋಡಿ, ಏನಂದರು ಅಂತ ಕೆಳಗೆ ಬರೆಯಿರಿ.